ಭಾನುವಾರದ ಮೇಲೆ ಯಾಕಿಷ್ಟು ಸಿಟ್ಟು?

ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ ಕೇಳುತ್ತವೆ. ಯಾವ ವಾರ ಜಾಹೀರಾತು ಹಾಕಿದರೆ ಜನ ಜಾಸ್ತಿ ಒತ್ತುತ್ತಾರೆ? ಮಂಗಳವಾರ ಕ್ಷೌರ ಬೇಡ ಅನ್ನೋ ಹಾಗೆ ಫೇಸ್‌ಬುಕ್ಕಿಗೂ ಒಂದು ಪಂಚಾಂಗ ಬೇಕಂತೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ, ಈ ಸಲ ಎಲ್ಲಾ ಒಟ್ಟಿಗೆ. ಅಕೌಂಟ್ ತೆರೆಯೋದು ಹೇಗೆ, ಕ್ಲಿಕ್ ಅಂದರೆ ಏನು ಅಂತ ಕೇಳಿದವರ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಅದನ್ನು ಕಲಿಯಲು ಒಂದು ಸಂಜೆ ಸಾಕು.

ಪ್ರಶ್ನೆ: ಹುಬ್ಬಳ್ಳಿಯಿಂದ ಇಳಕಲ್ ಸೀರೆ ಮಾರುತ್ತೇನೆ. ಜಾಹೀರಾತು ಒತ್ತಿದವರು ನೇರ ನನ್ನ ವಾಟ್ಸಾಪ್‌ಗೆ ಬರುತ್ತಾರೆ. ನಾಲ್ಕು ವಾರ ಬಂದ ಆರ್ಡರ್‌ಗಳನ್ನು ಡೈರಿಯಲ್ಲಿ ಬರೆದಿಟ್ಟೆ. ಒಟ್ಟು 28. ಭಾನುವಾರ ಕ್ಲಿಕ್ ಎಲ್ಲಕ್ಕಿಂತ ಜಾಸ್ತಿ, ಆರ್ಡರ್ ಮಾತ್ರ ಬರೀ 2. ಗುರುವಾರ ಕ್ಲಿಕ್ ಕಡಿಮೆ, ಆರ್ಡರ್ 7. ಭಾನುವಾರ ನಿಲ್ಲಿಸಿ ಆ ದುಡ್ಡನ್ನೂ ಗುರುವಾರಕ್ಕೆ ಹಾಕಲೇ? ಅಂದಹಾಗೆ ಅಕೌಂಟ್ ಮಾಡಿಕೊಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮ, ಈಗ ನಾನೇ ನೋಡಿಕೊಳ್ಳುತ್ತೇನೆ.

ಬೇಡ. ಆದರೆ ಡೈರಿ ಇಟ್ಟಿದ್ದೀರಲ್ಲ, ಅದಕ್ಕೆ ನಮಸ್ಕಾರ. ಲಕ್ಷಗಟ್ಟಲೆ ಸುರಿಯುವವರೂ ಇಷ್ಟು ಮಾಡುವುದಿಲ್ಲ.

ತಮ್ಮನ ವಿಷಯ ನೀವು ಸುಮ್ನೆ ಬರೆದಿರಬಹುದು. ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಅದೇ. ಆಡ್ ಅಕೌಂಟಿನ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ ಝೋನ್ ನೋಡಿ. ಲಾಸ್ ಏಂಜಲೀಸ್ ಅಂತ ಇದ್ದರೆ ನಿಮ್ಮ ರಿಪೋರ್ಟಿನಲ್ಲಿರುವ ಭಾನುವಾರ ಹುಬ್ಬಳ್ಳಿಯ ಭಾನುವಾರ ಅಲ್ಲ. ಅಲ್ಲಿ ಬೇಸಿಗೆಯ ಗಡಿಯಾರ ನಡೆಯುವಾಗ ನಾವು ಅವರಿಗಿಂತ ಹನ್ನೆರಡೂವರೆ ಗಂಟೆ ಮುಂದೆ. ಅಂದರೆ ಆ ಭಾನುವಾರ ನಮ್ಮಲ್ಲಿ ಭಾನುವಾರ ಮಧ್ಯಾಹ್ನ 12:30ಕ್ಕೆ ಹುಟ್ಟಿ ಸೋಮವಾರ ಮಧ್ಯಾಹ್ನ 12:30ಕ್ಕೆ ಸಾಯುತ್ತದೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಇನ್ನೂ ಒಂದು ಗಂಟೆ ತಡ. ಭಾನುವಾರ ಬೆಳಗ್ಗೆ ಕಾಫಿ ಕುಡೀತಾ ನಿಮ್ಮ ಸೀರೆ ನೋಡಿದವರೆಲ್ಲ ಶನಿವಾರದ ಲೆಕ್ಕಕ್ಕೆ ಹೋಗಿದ್ದಾರೆ. ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ನೋಡಿದವರು ಭಾನುವಾರದ ಲೆಕ್ಕಕ್ಕೆ ಬಂದಿದ್ದಾರೆ. ಇದನ್ನು ಒಂದು ಬಟನ್ ಒತ್ತಿ ಸರಿ ಮಾಡಲು ಆಗುವುದಿಲ್ಲ. ಫೇಸ್‌ಬುಕ್ ನಡೆಸುವ ಕಂಪನಿ ಮೆಟಾದಲ್ಲಿ ಟೈಮ್ ಝೋನ್ ಬದಲಿಸುವುದು ಅಂದರೆ ಹೊಸ ಆಡ್ ಅಕೌಂಟ್ ಶುರು ಮಾಡುವುದು. ಮಾಡಿ. ತಮ್ಮನಿಗೆ ಬೇಜಾರಾಗಲ್ಲ.

ಟೈಮ್ ಝೋನ್ ಸರಿಯಿದ್ದರೂ ನಿಮ್ಮ ಲೆಕ್ಕ ನಿಲ್ಲುವುದಿಲ್ಲ. ಕ್ಲಿಕ್ ಎಣಿಸಿದ್ದು ಮೆಟಾ, ಆರ್ಡರ್ ಎಣಿಸಿದ್ದು ನೀವು. ಮೆಟಾ ಬರೆದುಕೊಳ್ಳುವುದು ಜಾಹೀರಾತು ಒತ್ತಿದ ದಿನ, ನೀವು ಬರೆದುಕೊಂಡಿದ್ದು ದುಡ್ಡು ಬಂದ ದಿನ. ಈಗ ಹೇಳಿ, ಇಳಕಲ್ ಸೀರೆಯನ್ನು ಯಾರಾದರೂ ನೋಡಿದ ಕೂಡಲೇ ಕೊಳ್ಳುತ್ತಾರಾ? ಮೊದಲು ಸೆರಗಿನ ಫೋಟೋ ಕೇಳುತ್ತಾರೆ. ಸೆರಗಿನಲ್ಲಿ ತೋಪು ತೆನಿ ವಿನ್ಯಾಸ ಇದೆಯಾ ಅಂತಾರೆ. ಅದನ್ನು ಅಕ್ಕನಿಗೆ ಕಳಿಸುತ್ತಾರೆ. ಅಕ್ಕ ಬಣ್ಣ ಬೇರೆ ಇದೆಯಾ ಅಂತ ಕೇಳಿಸುತ್ತಾಳೆ. ಇಷ್ಟೆಲ್ಲಾ ಮುಗಿದು ಫೋನ್‌ಪೇ ಮಾಡೋ ಹೊತ್ತಿಗೆ ಗುರುವಾರ. ನಿಮ್ಮ ಡೈರಿಯ ಗುರುವಾರದ 7 ಆರ್ಡರ್‌ಗಳಲ್ಲಿ ಎಷ್ಟು ಭಾನುವಾರ ಶುರುವಾದ ಮಾತುಕತೆ? ನೀವೇ ನೋಡಬಹುದು. ಆ ಏಳೂ ಜನರ ವಾಟ್ಸಾಪ್ ಚಾಟ್ ತೆರೆದು ಮೇಲಕ್ಕೆ ಸರಿಸುತ್ತಾ ಹೋಗಿ. ಮೊದಲ ಮೆಸೇಜಿನ ಜೊತೆ ನಿಮ್ಮ ಜಾಹೀರಾತಿನ ಸಣ್ಣ ಚೌಕ ಕಾಣುತ್ತದೆ, ಅದರ ಮೇಲೆ ತಾರೀಖು ಇರುತ್ತದೆ. ಡೈರಿಯಲ್ಲಿ ಇನ್ನೊಂದು ಗೆರೆ ಎಳೆದು ಅದನ್ನೂ ಬರೆಯಿರಿ. ವಾಟ್ಸಾಪ್ ಬದಲು ವೆಬ್‌ಸೈಟಿನಲ್ಲಿ ಮಾರಿ, ಅಲ್ಲಿ ಪಿಕ್ಸೆಲ್ (ಯಾರು ಕೊಂಡರು ಅಂತ ಮೆಟಾಗೆ ತಿಳಿಸುವ ಸಣ್ಣ ಕೋಡ್) ಹಾಕಿದ್ದರೆ ಮೆಟಾ ಮಾರಾಟವನ್ನೂ ಜಾಹೀರಾತು ತೋರಿಸಿದ ದಿನಕ್ಕೇ ಸೇರಿಸುತ್ತಿತ್ತು. ಗೂಗಲ್ ಆಡ್ಸ್ ಕೂಡ ಸಾಮಾನ್ಯವಾಗಿ ಕ್ಲಿಕ್ಕಿನ ದಿನಕ್ಕೆ ಸೇರಿಸುತ್ತದೆ. ಅಲ್ಲಿ ಭಾನುವಾರ ಬಹುಶಃ ಹೀರೋ ಆಗಿರುತ್ತಿತ್ತು.

ಇನ್ನು 28ರ ಮಾತು. ಏಳು ಚೀಟಿಯಲ್ಲಿ ಏಳು ವಾರದ ಹೆಸರು ಬರೆಯಿರಿ. ಡಬ್ಬಿಗೆ ಹಾಕಿ, ಕಣ್ಣು ಮುಚ್ಚಿ ಒಂದು ಎತ್ತಿ, ಬರೆದುಕೊಂಡು, ವಾಪಸ್ ಹಾಕಿ. ಹೀಗೆ 28 ಸಲ. ನಾನು ಮೊನ್ನೆ ಕಡಲೆಕಾಯಿ ಡಬ್ಬಿ ಖಾಲಿ ಮಾಡಿ ಎತ್ತಿದೆ. ಸೋಮ 4, ಮಂಗಳ 7, ಬುಧ 3, ಗುರು 5, ಶುಕ್ರ 2, ಶನಿ 4, ಭಾನು 3. ಇದನ್ನು ಒಬ್ಬ ಏಜೆನ್ಸಿಯವನ ಕೈಗೆ ಕೊಟ್ಟರೆ ‘ಸರ್, ನಿಮ್ಮ ಗ್ರಾಹಕರು ಮಂಗಳವಾರದವರು, ಶುಕ್ರವಾರ ಕಟ್ ಮಾಡಿ’ ಅಂತ ಬಣ್ಣಬಣ್ಣದ ಸ್ಲೈಡ್ ಮಾಡಿಕೊಡುತ್ತಾನೆ. ಡಬ್ಬಿಗೆ ಮಂಗಳವಾರ ಗೊತ್ತಿಲ್ಲ. ಲೆಕ್ಕ ಹಾಕಿದರೆ, ಎಲ್ಲಾ ದಿನವೂ ಒಂದೇ ಥರ ಇದ್ದರೂ ಸುಮಾರು ಐದರಲ್ಲಿ ಮೂರು ಸಲ ಯಾವುದೋ ಒಂದು ದಿನಕ್ಕೆ 7 ಅಥವಾ ಜಾಸ್ತಿ ಬರುತ್ತದೆ. ಸುಮಾರು ಹತ್ತರಲ್ಲಿ ಒಂಬತ್ತು ಸಲ ಯಾವುದೋ ಒಂದು ದಿನ 2 ಅಥವಾ ಅದಕ್ಕಿಂತ ಕೆಳಗೆ ಬೀಳುತ್ತದೆ. ನಿಮ್ಮ ಗುರುವಾರ, ಭಾನುವಾರ ಎರಡೂ ಇದರೊಳಗೇ ಇವೆ. ಮೆಟಾದ ಯಂತ್ರಕ್ಕೇ ಒಂದು ಆಡ್ ಸೆಟ್ (ಒಟ್ಟಿಗೆ ಓಡುವ ಜಾಹೀರಾತುಗಳ ಗುಂಪು) ಯಾರಿಗೆ ತೋರಿಸಬೇಕು ಅಂತ ಕಲಿಯಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ವಾರಕ್ಕೆ 7 ಇಟ್ಟುಕೊಂಡು ಅದನ್ನು ಮತ್ತೆ ಏಳು ದಿನಕ್ಕೆ ಹಂಚಿ ನೀವು ತೀರ್ಮಾನಕ್ಕೆ ಬಂದಿದ್ದೀರಿ.

‘ನಿಲ್ಲಿಸಿ’ ಅಂತ ಹೇಳಲು ನನಗೆ ಭಯ ಆಗೋದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಹಲ್ಲಿನ ಕ್ಲಿನಿಕ್‌ಗೆ ನಾನೇ ಈ ಸಲಹೆ ಕೊಟ್ಟಿದ್ದೆ. ಭಾನುವಾರ ‘ಕರೆ ಮಾಡಿ’ ಬಟನ್ ತುಂಬಾ ಜನ ಒತ್ತುತ್ತಿದ್ದರು, ಅಪಾಯಿಂಟ್‌ಮೆಂಟ್ ಮಾತ್ರ ಸೊನ್ನೆ. ಮಕ್ಕಳು ಫೋನ್ ಹಿಡಿದು ಏನೇನೋ ಒತ್ತುತ್ತವೆ ಅಂತ ದೊಡ್ಡದಾಗಿ ವಿವರಣೆ ಕೊಟ್ಟು ಭಾನುವಾರ ಬಂದ್ ಮಾಡಿಸಿದೆ. ಮೂರು ತಿಂಗಳಾದ ಮೇಲೆ ಬಿಲ್ ಕೊಡಲು ಹೋದಾಗ ಬಾಗಿಲಲ್ಲಿ ಕೂತಿದ್ದ ವಾಚ್‌ಮನ್ ಹೇಳಿದ: ‘ಈಗ ಆರಾಮ ಸಾರ್. ಮುಂಚೆ ಭಾನುವಾರ ಬಂದರೆ ಒಳಗೆ ಫೋನ್ ಹೊಡ್ಕೋತಾನೇ ಇರೋದು, ಬೀಗ ಹಾಕಿರೋದು, ಎತ್ತೋರು ಯಾರು?’ ವಾರವೆಲ್ಲ ಹಲ್ಲು ನೋವು ತಡೆದುಕೊಂಡ ಜನ ರಜದ ದಿನ ಕರೆ ಮಾಡಿದ್ದರು. ಅವರನ್ನೆಲ್ಲ ದುಡ್ಡು ಕೊಟ್ಟು ಕರೆಸಿ, ಬೀಗ ಹಾಕಿದ ಬಾಗಿಲು ತೋರಿಸಿದ್ದೆವು. ಆಮೇಲೆ ನಾನೇ ಮೂರು ತಿಂಗಳು ಅವರನ್ನು ಬರದಂತೆ ಮಾಡಿದ್ದೆ. ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡಿದೆ, ಕಾರಣ ಹೇಳಲಿಲ್ಲ. ಈಗ ಹೇಳಿದ ಹಾಗಾಯಿತು.

ಅದಕ್ಕೇ ನಿಮ್ಮನ್ನೂ ಕೇಳುತ್ತೇನೆ. ಭಾನುವಾರ ಸಂಜೆ ನಾಲ್ಕಕ್ಕೆ ಬಂದ ‘ರೇಟ್ ಎಷ್ಟು?’ ಅನ್ನೋ ಮೆಸೇಜಿಗೆ ಎಷ್ಟು ಹೊತ್ತಿಗೆ ಉತ್ತರ ಕೊಟ್ಟಿರಿ? ನೆಂಟರ ಮನೆಗೆ ಹೋಗಿ ಸೋಮವಾರ ಹತ್ತಕ್ಕೆ ಕೊಟ್ಟಿದ್ದರೆ, ಸಿಟ್ಟು ಮಾಡಬೇಕಾಗಿದ್ದು ಭಾನುವಾರದ ಮೇಲೆ ಅಲ್ಲ. ಎಂಟು ವಾರ ಏನೂ ಮುಟ್ಟಬೇಡಿ. ಬಜೆಟ್ ಏರಿಸೋದು ಇಳಿಸೋದೂ ಬೇಡ. ಮೊದಲ ಮೆಸೇಜಿನ ದಿನ, ನೀವು ಉತ್ತರ ಕೊಟ್ಟ ಹೊತ್ತು, ಆರ್ಡರ್ ಆದ ದಿನ, ಈ ಮೂರನ್ನು ಬರೆಯುತ್ತಾ ಹೋಗಿ.

ನಿಮ್ಮ ಸರಕಿಗೆ ವಾರಕ್ಕಿಂತ ತಾರೀಖು ದೊಡ್ಡದು. ಸಂಬಳ ಬಂದ ಮೊದಲ ವಾರ, ಮದುವೆ ಸೀಸನ್, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಹದಿನೈದು ದಿನ. ನಿಮಗೆ ಲೆಕ್ಕಕ್ಕೆ ಬರುವ ಶುಕ್ರವಾರ ವರ್ಷಕ್ಕೆ ಅದೊಂದೇ. ದಸರಾ ಹತ್ತಿರ ಬಂದಾಗ ಹುಷಾರು. ಆಗ ಫ್ಲಿಪ್‌ಕಾರ್ಟ್, ಅಮೆಜಾನ್ ದೊಡ್ಡ ಸೇಲಿಗೆ ಇಳಿಯುತ್ತವೆ. ಜಾಹೀರಾತಿನ ಜಾಗ ಹರಾಜಿನಲ್ಲಿ ಹೋಗುತ್ತದೆ, ನೀವು ಕೂಗುತ್ತಿರುವುದು ಅವರ ಪಕ್ಕದಲ್ಲೇ ನಿಂತು. ಅದೇ ಸೀರೆ, ಅದೇ ವಿಡಿಯೋ, ರೇಟ್ ಮಾತ್ರ ಜಾಸ್ತಿ. ಅದು ಯಾವ ವಾರ ಅನ್ನೋದು ಆಗ ಯಾರಿಗೂ ನೆನಪಿರೋದಿಲ್ಲ.

ಪ್ರಶ್ನೆ: ‘ಮಂಗಳವಾರ ಬೆಳಗ್ಗೆ 10ಕ್ಕೆ ಎಂಗೇಜ್‌ಮೆಂಟ್ (ಲೈಕ್, ಕಮೆಂಟ್, ಶೇರ್) ಜಾಸ್ತಿ’ ಅನ್ನೋ ಚಾರ್ಟನ್ನು 499 ರೂಪಾಯಿಗೆ ತೆಗೆದುಕೊಂಡೆ. ಸರಿ ಇದೆಯಾ?

499 ಹೋಯ್ತು. ಮಂಗಳವಾರ ಬೆಳಗ್ಗೆ ಅನ್ನೋದು ಅಮೆರಿಕದ ಆಫೀಸುಗಳಿಗೆ ಇಮೇಲ್ ಕಳಿಸುತ್ತಿದ್ದವರ ಕಾಲದ ಮಾತು. ಸೋಮವಾರ ಡಬ್ಬ ತುಂಬಿರುತ್ತೆ, ಶುಕ್ರವಾರ ಜನ ಮನೆಗೆ ಹೊರಟಿರುತ್ತಾರೆ, ನಡುವೆ ಕಳಿಸಿ ಅಂತ. ನಿಮ್ಮ ಗ್ರಾಹಕ ಆಫೀಸಿನ ಕಂಪ್ಯೂಟರಿನಲ್ಲಿ ಕೂತಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಫೋನಿನಲ್ಲೇ ಇದ್ದಾನೆ, ಏಳೂ ದಿನ. ಈ ಚಾರ್ಟ್ ಮಾರುವವರಿಗೂ ಸಂತೆಯಲ್ಲಿ ಬೇರು ಮಾರುವವರಿಗೂ ವ್ಯತ್ಯಾಸ ಇದೆ. ಬೇರು ಮಾರುವವನು ಮುಂದಿನ ವಾರವೂ ಅಲ್ಲೇ ಸಿಗುತ್ತಾನೆ.

ಪ್ರಶ್ನೆ: ಅಮೆರಿಕದಲ್ಲಿ ಸೈಬರ್ ಮಂಡೇ ಅಂತಲೇ ಇದೆ. ಹಾಗಾದರೆ ಆನ್‌ಲೈನ್‌ಗೆ ಸೋಮವಾರವೇ ಬೆಸ್ಟ್ ಅಲ್ವಾ?

ಆ ಹೆಸರು ಹುಟ್ಟಿದ್ದು 2005ರಲ್ಲಿ. ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿಸಿ ಬಂದ ಜನ ಆಫೀಸಿನ ವೇಗದ ಇಂಟರ್‌ನೆಟ್‌ನಲ್ಲಿ ಶಾಪಿಂಗ್ ಮಾಡುತ್ತಾರೆ ಅನ್ನೋ ಲೆಕ್ಕಾಚಾರ. ಫ್ಲಿಪ್‌ಕಾರ್ಟಿನ ಮೊದಲ ಬಿಗ್ ಬಿಲಿಯನ್ ಡೇ, 2014ರ ಅಕ್ಟೋಬರ್ 6, ಅದೂ ಸೋಮವಾರವೇ. ಅಮೆಜಾನ್‌ನ ಮೊದಲ ಪ್ರೈಮ್ ಡೇ 2015ರಲ್ಲಿ ಬುಧವಾರ ಬಂತು. ಅವರು ಯಾವ ದಿನ ಆರಿಸಿದರೂ ಅದು ದೊಡ್ಡ ದಿನ ಆಗುತ್ತದೆ, ಖರ್ಚು ಮಾಡಿ ಹಾಗೆ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ರಾಹುಕಾಲದಲ್ಲಿ ಪಬ್ಲಿಶ್ ಒತ್ತಬಹುದಾ?

ನೀವು ಒತ್ತಿದ ಮೇಲೆ ಜಾಹೀರಾತು ಪರಿಶೀಲನೆಗೆ ಹೋಗುತ್ತದೆ, ಕೆಲವೊಮ್ಮೆ ಒಂದು ದಿನ ಹಿಡಿಯುತ್ತದೆ. ಅದು ಹೊರಗೆ ಬರುವ ಗಳಿಗೆ ನಿಮ್ಮ ಕೈಲೂ ಇಲ್ಲ, ರಾಹುವಿನ ಕೈಲೂ ಇಲ್ಲ.

ಪ್ರಶ್ನೆ: ದಿನಕ್ಕೆ 500 ಅಂತ ಇಟ್ಟಿದ್ದೆ. ಶನಿವಾರ 800 ಕಟ್ ಆಗಿದೆ. ಇದು ಮೋಸ ಅಲ್ವಾ?

ಅಲ್ಲ, ನೀವು ಓದದೆ ಒಪ್ಪಿಕೊಂಡ ನಿಯಮ. ಒಳ್ಳೆಯ ಅವಕಾಶ ಕಂಡ ದಿನ ಮೆಟಾ 75 ಪರ್ಸೆಂಟ್‌ವರೆಗೆ ಜಾಸ್ತಿ ಖರ್ಚು ಮಾಡಬಹುದು, ಅಂದರೆ 875. ಆದರೆ ಭಾನುವಾರದಿಂದ ಶನಿವಾರದವರೆಗಿನ ವಾರಕ್ಕೆ 3,500 ದಾಟುವಂತಿಲ್ಲ. ಗೂಗಲ್ ಒಂದು ದಿನ ದುಪ್ಪಟ್ಟು ಮಾಡುತ್ತದೆ, ತಿಂಗಳಿಗೆ 30.4 ದಿನದ ಲೆಕ್ಕದಲ್ಲಿ 15,200ಕ್ಕೆ ನಿಲ್ಲುತ್ತದೆ.

ಪ್ರಶ್ನೆ: ಭಾನುವಾರ ಪೋಸ್ಟ್ ಬೂಸ್ಟ್ (ಹಾಕಿದ ಪೋಸ್ಟನ್ನೇ ದುಡ್ಡು ಕೊಟ್ಟು ಜಾಸ್ತಿ ಜನರಿಗೆ ತೋರಿಸೋದು) ಮಾಡಬಹುದಾ?

ಬೂಸ್ಟ್ ಬಟನ್ ಯಾವ ವಾರವೂ ಮುಟ್ಟಬೇಡಿ.

ಪ್ರಶ್ನೆ: ಮಂಗಳೂರಿನ ಫ್ಲ್ಯಾಟ್‌ಗಳನ್ನು ಗಲ್ಫ್‌ನಲ್ಲಿರುವ ನಮ್ಮವರಿಗೆ ಮಾರುತ್ತೇವೆ. ಫಾರ್ಮ್ ತುಂಬಿದವರಿಗೆ ಭಾನುವಾರ ಬಿಡುವಿರುತ್ತೆ ಅಂತ ಫೋನ್ ಮಾಡಿದರೆ ಅರ್ಧ ಜನ ಎತ್ತೋದೇ ಇಲ್ಲ.

ಎಲ್ಲಿಗೆ ಮಾಡಿದಿರಿ? ಸೌದಿ, ಕುವೈತ್, ಕತಾರ್‌ನಲ್ಲಿ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಅವರಿಗೆ ನಮ್ಮ ಸೋಮವಾರ ಇದ್ದ ಹಾಗೆ, ಬೆಳಗ್ಗೆ ಬಾಸ್ ಎದುರು ಕೂತಿರುತ್ತಾರೆ. ದುಬೈ, ಅಬುಧಾಬಿ ಬೇರೆ. ಯುಎಇ ಸರ್ಕಾರ 2022ರ ಜನವರಿಯಿಂದ ರಜೆಯನ್ನು ಶನಿವಾರ-ಭಾನುವಾರಕ್ಕೆ ಬದಲಿಸಿತು, ಶುಕ್ರವಾರ ಅರ್ಧ ದಿನ ಕೆಲಸ. ನಿಮ್ಮ ಲಿಸ್ಟನ್ನು ದೇಶದ ಪ್ರಕಾರ ಎರಡು ಮಾಡಿ. ಸೌದಿಯವರಿಗೆ ಶುಕ್ರವಾರ ಸಂಜೆ ಮಾಡಿ, ಮಧ್ಯಾಹ್ನದ ನಮಾಜು, ಊಟ, ನಿದ್ದೆ ಎಲ್ಲಾ ಮುಗಿದ ಮೇಲೆ. ಅವರು ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ. ವಾರ ನೋಡಿ ಜಾಹೀರಾತು ಹಾಕಬೇಕು ಅಂತ ನಾನೇ ಹೇಳುವ ಕೆಲವೇ ವ್ಯಾಪಾರಗಳಲ್ಲಿ ನಿಮ್ಮದೂ ಒಂದು, ಆದರೆ ಆ ವಾರ ಅವರ ಊರಿನದಾಗಿರಬೇಕು.

ಪ್ರಶ್ನೆ: ಗಾಣದ ಎಣ್ಣೆ ಮಾರುತ್ತೇವೆ. ಶನಿವಾರ ಎಣ್ಣೆ ಮನೆಗೆ ತರಬಾರದು ಅಂತಾರಲ್ಲ, ಆ ದಿನ ಜಾಹೀರಾತು ನಿಲ್ಲಿಸಲೇ?

ನೋಡೋದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ಜಾಹೀರಾತು ಓಡಲಿ. ಕೊರಿಯರ್ ಹುಡುಗನಿಗೆ ಮಾತ್ರ ಶನಿವಾರ ಡಬ್ಬ ಹಿಡಿದು ಬಾಗಿಲು ತಟ್ಟಬೇಡ ಅಂತ ಹೇಳಿಡಿ.