ಬಾಣಂತಿಯ ತಲೆನೋವನ್ನು ‘ಶೀತ’ ಅಂತ ಬಿಡಬಹುದಾ?

ತಂಗಿಗೆ ಹೆರಿಗೆಯಾಗಿ ಹನ್ನೊಂದು ದಿನ, ನಾಲ್ಕು ದಿನದಿಂದ ತಲೆನೋವು ಏರುತ್ತಲೇ ಇದೆ, ಬೆಳಗ್ಗೆ ಎದ್ದರೆ ವಾಂತಿ ಅಂತ ಬರೆದಿದ್ದೀರಿ. ಮನೆಯ ಹಿರಿಯರು ಶೀತ ಅನ್ನುತ್ತಿದ್ದಾರೆ, ಮೊದಲಿನಿಂದಲೂ ಮೈಗ್ರೇನ್ ಇತ್ತು, ಮಾತ್ರೆ ಕೊಟ್ಟು ಇನ್ನೆರಡು ದಿನ ನೋಡೋಣವೇ ಅನ್ನುವುದು ನಿಮ್ಮ ಪ್ರಶ್ನೆ. ನೋಡಬೇಡಿ. ಈಗಲೇ ಗಾಡಿಗೆ ಹೇಳಿ, ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳಿ.

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವೈದ್ಯ. ತಲೆನೋವು ಅಂತ ಬರುವವರಲ್ಲಿ ಹೆಚ್ಚಿನವರದ್ದು ಮೈಗ್ರೇನೋ ಟೆನ್ಷನ್ ತಲೆನೋವೋ ಆಗಿರುತ್ತದೆ, ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ. ನೋವು ಎಷ್ಟು ಜೋರು ಅನ್ನುವುದೂ ನನಗೆ ಅಷ್ಟು ಮುಖ್ಯವಲ್ಲ. ಮೈಗ್ರೇನಿನವರು ಹೊರಳಾಡಿ ನರಳಿ ಮಾರನೇ ದಿನ ಗದ್ದೆಗೆ ಹೋಗುವುದುಂಟು. ನಾನು ಕೇಳುವುದು ಬೇರೆ: ಹೇಗೆ ಶುರುವಾಯಿತು, ಮಲಗಿದರೆ ಹೆಚ್ಚೋ ಕೂತರೆ ಹೆಚ್ಚೋ, ಹಿಂದಿನ ತಲೆನೋವಿನ ಹಾಗೇ ಇದೆಯೋ ಇಲ್ಲವೋ, ಬಂದಿರುವುದು ಯಾರಿಗೆ. ಕೊನೆಯದಕ್ಕೆ ‘ಬಾಣಂತಿ’ ಅನ್ನುವ ಉತ್ತರ ಬಂದರೆ ನನ್ನ ಲೆಕ್ಕವೇ ಬದಲಾಗುತ್ತದೆ.

ಮೊದಲು ನೋಡುವುದು ಬಿಪಿ. ಬಸಿರಿನಲ್ಲಿ ಬಿಪಿ ಸರಿಯಿದ್ದವರಿಗೂ ಹೆರಿಗೆಯ ನಂತರ, ಆರು ವಾರದೊಳಗೆ, ಹೊಸದಾಗಿ ಏರಬಹುದು. 140/90 ದಾಟಿ ತಲೆನೋವೂ ಇದ್ದರೆ ಎಚ್ಚರ. 160/110 ಆದರೆ ತುರ್ತು: ಕಣ್ಣು ಮಂಜಾಗಬಹುದು, ಎದೆಗುಳಿಯ ಕೆಳಗೆ ನೋವು ಬರಬಹುದು, ಆಮೇಲೆ ಫಿಟ್ಸ್.

ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಅದರಿಂದಲೂ ತಲೆನೋವು ಬರುತ್ತದೆ. ಅದು ಎದ್ದು ಕೂತರೆ ಹೆಚ್ಚು, ಮಲಗಿದರೆ ಕಡಿಮೆ, ಸಾಮಾನ್ಯವಾಗಿ ಐದು ದಿನದೊಳಗೇ ಶುರು. ನಿಮ್ಮ ತಂಗಿಯ ಕಥೆ ಹಾಗಿಲ್ಲ.

ನನ್ನನ್ನು ಹೆದರಿಸುತ್ತಿರುವುದು ಇನ್ನೊಂದು. ಮಿದುಳಿನಿಂದ ರಕ್ತ ಇಳಿಸುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ. ರಾಜಕಾಲುವೆ ಕಟ್ಟಿಕೊಂಡರೆ ಮೇಲಿನ ಬೀದಿಗಳಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ ತಲೆಯೊಳಗೆ ಒತ್ತಡ ಏರುತ್ತದೆ. ದಿನದಿಂದ ದಿನಕ್ಕೆ ಹೆಚ್ಚುವ ನೋವು, ಮಲಗಿದಾಗ ಜಾಸ್ತಿ, ಬೆಳಗಿನ ವಾಂತಿ, ಕೆಲವೊಮ್ಮೆ ಫಿಟ್ಸ್ ಅಥವಾ ಒಂದು ಕೈಕಾಲಿನ ಸೋಲು. ಹೆರಿಗೆಯ ನಂತರ ಕೆಲವು ವಾರ ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲೇ ಇರುತ್ತದೆ. ಅದರ ಮೇಲೆ ನಮ್ಮ ಕಡೆ ‘ನೀರು ಕುಡಿದರೆ ಹೊಟ್ಟೆ ಬರುತ್ತೆ’ ಅಂತ ಬಾಣಂತಿಯನ್ನು ಒಣಗಿಸುತ್ತಾರೆ. ಅಜ್ಜಿಯರ ಎಣ್ಣೆನೀರಿಗೆ, ಮೆಂತ್ಯದ ಉಂಡೆಗೆ ನನ್ನ ತಕರಾರಿಲ್ಲ. ನೀರು ತಡೆಯುವುದಕ್ಕೆ ಮಾತ್ರ ಜಗಳಕ್ಕೇ ನಿಲ್ಲುತ್ತೇನೆ.

ಇಲ್ಲೊಂದು ಬಲೆ ಇದೆ. ಮಾಮೂಲಿ ಸಿಟಿ ಸ್ಕ್ಯಾನ್ ‘ನಾರ್ಮಲ್’ ಬಂದರೂ ಈ ಕಾಯಿಲೆ ಇರಬಹುದು. ಎಂಆರ್‌ಐ ಜೊತೆ ಅಭಿಧಮನಿಗಳನ್ನೇ ತೋರಿಸುವ ವೆನೋಗ್ರಾಂ ಬೇಕು. ಅದಕ್ಕೂ ಮೊದಲು ಟಾರ್ಚಿನಂಥ ಒಂದು ಉಪಕರಣದಿಂದ ಕಣ್ಣಿನ ಹಿಂಭಾಗ ನೋಡಿದರೆ ನರ ಊದಿಕೊಂಡಿರುವುದು ಕಾಣಬಹುದು. ಎರಡು ನಿಮಿಷದ ಕೆಲಸ, ಆದರೂ ಓಪಿಡಿ ಗದ್ದಲದಲ್ಲಿ ಬಿಟ್ಟುಹೋಗುತ್ತದೆ. ‘ಕಣ್ಣಿನ ಒಳಗೆ ನೋಡಿದಿರಾ’ ಅಂತ ನೀವೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಮೈಗ್ರೇನ್ ಇತ್ತು ಅನ್ನುವುದನ್ನೂ ಹೇಳಿ, ಆದರೆ ‘ಇದು ಆ ನೋವಿನ ಹಾಗಿಲ್ಲ’ ಅಂತ ಅವಳಿಗೆ ಅನ್ನಿಸುತ್ತಿದ್ದರೆ ಅದನ್ನು ಮೊದಲು ಹೇಳಿ.

ಬಾಣಂತಿ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೆಂಡ ಇಡುತ್ತಿದ್ದೀರಾ? ಹಾಗಿದ್ದರೆ ಇವತ್ತೇ ತೆಗೆಸಿ. ಇದ್ದಿಲ ಕೆಂಡದ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆನೋವು, ವಾಂತಿ ಅದರಿಂದಲೂ ಬರುತ್ತವೆ, ಪಕ್ಕದಲ್ಲಿ ಮಲಗಿದ ಮಗುವಿಗೂ ಅಪಾಯ.

ದಾರಿಯಲ್ಲಿ ಫಿಟ್ಸ್ ಬಂದರೆ, ಮಾತು ತೊದಲಿದರೆ, ಮಂಪರು ಕವಿದರೆ, ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ನೋವು ತುದಿ ಮುಟ್ಟಿದರೆ, 108ಕ್ಕೆ ಕರೆ ಮಾಡಿ, ನೇರ ಎಂಆರ್‌ಐ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಹತ್ತಿರದವರಾದರೆ ನಿಮ್ಹಾನ್ಸ್ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಕೌಂಟರಿನಲ್ಲಿ ‘ತಲೆನೋವು’ ಅಂತಷ್ಟೇ ಬರೆಸಬೇಡಿ, ‘ಹೆರಿಗೆಯಾಗಿ ಹನ್ನೊಂದು ದಿನ’ ಅನ್ನುವುದನ್ನೂ ಸೇರಿಸಿ.

ಡಿಸ್ಚಾರ್ಜ್ ಕಾರ್ಡ್ ಮರೆಯಬೇಡಿ, ಮಗುವನ್ನೂ ಕರೆದುಕೊಂಡು ಹೋಗಿ. ನಾನಂದುಕೊಂಡ ಕಾಯಿಲೆಯೇ ಆಗಿದ್ದರೂ ಮೊದಲ ಔಷಧ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್, ಅದನ್ನು ಕೊಡುವಾಗ ಎದೆಹಾಲು ನಿಲ್ಲಿಸಬೇಕಾಗಿಲ್ಲ.