ಬಡ್ಡಿಯಿಲ್ಲದ ಸಾಲಕ್ಕೂ ಒಡವೆ ಬೇಕೆಂದರೆ

ಮೈಸೂರಿನ ಉದಯಗಿರಿಯಲ್ಲಿ ಊದುಬತ್ತಿ ಹೊಸೆಯುವ ನಿಮ್ಮ ನೆರೆಮನೆಯ ವಿಧವೆ, ಹೊಲಿಗೆ ಯಂತ್ರಕ್ಕೆಂದು ಬಡ್ಡಿರಹಿತ ಸಾಲ ಕೇಳಿದಾಗ ಸೊಸೈಟಿಯವರು ಒಡವೆ ಅಡವಿಡಲು ಹೇಳಿದರು, ಇದು ಸರಿಯೇ ಎಂದು ಕೇಳಿದ್ದೀರಿ.

ಇಸ್ಲಾಂ ಧರ್ಮದ ಲೆಕ್ಕದಲ್ಲಿ ತಪ್ಪಿಲ್ಲ. ಕರ್ಝೆ ಹಸನ್ ಎಂದರೆ ಕೊಟ್ಟಷ್ಟನ್ನೇ ಮರಳಿ ಪಡೆಯುವ ಸಾಲ. ಅದಕ್ಕೆ ಅಡಮಾನ ಕೇಳುವುದಕ್ಕೆ ಅಡ್ಡಿಯಿಲ್ಲ. ನನಗೆ ಸಂಕಟವಾಗುವುದು ಬೇರೆಡೆ. ಕಿವಿಯೋಲೆಯನ್ನೂ ಮಾರಿಕೊಂಡ ಹೆಂಗಸು ಆ ಬಾಗಿಲಲ್ಲೇ ಹೊರಗುಳಿಯುತ್ತಾಳೆ. ಯಾರಿಗಾಗಿ ಸಾಲವೋ ಅವರಿಗೇ ಸಿಗುವುದಿಲ್ಲ! ಹಾಗೆಂದು ಸೊಸೈಟಿಯವರನ್ನು ದೂರಲಾರೆ. ಬಡ್ಡಿಯ ಆದಾಯವಿಲ್ಲದ ಕಡೆ ಒಂದು ಸಾಲ ಮುಳುಗಿದರೆ ಇನ್ನೊಬ್ಬ ಬಡವರ ಠೇವಣಿಯೇ ಕರಗುತ್ತದೆ.

ಲಾಹೋರಿನಲ್ಲಿ 2001ರಲ್ಲಿ ಅಮ್ಜದ್ ಸಾಕಿಬ್ ಆರಂಭಿಸಿದ, ಬಡ್ಡಿಯಿಲ್ಲದ ಸಾಲ ಕೊಡುವ ಅಖುವತ್ ಸಂಸ್ಥೆ ದಾನದ ಹಣವನ್ನು ನೆಚ್ಚಿಕೊಂಡು, ಒಡವೆಯ ಬದಲು ವ್ಯಕ್ತಿಗಳ ಜಾಮೀನನ್ನು ನಂಬಿತು. ಮಸೀದಿಗಳಲ್ಲಿ, ಚರ್ಚುಗಳಲ್ಲಿಯೂ ಸಾಲ ವಿತರಿಸಿತು. ಆದರೆ ಜಾಮೀನು ನಿಲ್ಲುವವರೇ ಇಲ್ಲದ ಒಂಟಿ ಜೀವಕ್ಕೆ ಆ ದಾರಿಯೂ ಕಷ್ಟವೇ.

ಆದ್ದರಿಂದ ಮೊದಲು ಸೊಸೈಟಿಯವರು ಒಡವೆಯ ಬದಲು ಇಬ್ಬರು ನೆರೆಯವರ ಜಾಮೀನನ್ನು ಒಪ್ಪುತ್ತಾರೆಯೇ ಎಂದು ವಿಚಾರಿಸಿ. ನೀವೇ ಒಬ್ಬರಾಗಿ ನಿಲ್ಲಬಹುದಲ್ಲವೇ? ಸೇವಾ ಶುಲ್ಕ ಎಷ್ಟು, ಸಾಲದ ಮೊತ್ತಕ್ಕೆ ತಕ್ಕಂತೆ ಅದು ಏರುತ್ತದೆಯೇ ಎಂಬುದನ್ನೂ ಕೇಳಿ.

ನಿಮ್ಮ ನೆರೆಮನೆಯಾಕೆಗೆ ಈಗಾಗಲೇ ವಾರದ ಕಂತಿನ ಸಾಲವಿದ್ದರೆ ಹೊಸ ಸಾಲ ಖಂಡಿತ ಬೇಡ. ಝಕಾತ್, ಅಂದರೆ ಉಳ್ಳ ಮುಸ್ಲಿಮರು ಕಡ್ಡಾಯವಾಗಿ ಕೊಡಬೇಕಾದ ದಾನ, ಪಡೆಯಬಹುದಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಒಬ್ಬರು. ಮೊಹಲ್ಲಾದ ಮಸೀದಿ ಸಮಿತಿಯ ಬಳಿ ಹೋಗಿ, ಯಂತ್ರವನ್ನೇ ಝಕಾತ್ ಆಗಿ ಕೊಡಿಸುವಂತೆ ಕೇಳಿ. ಕೇಳಲು ಅವರಿಗೆ ಸಂಕೋಚವಾದರೆ ನೀವು ಜೊತೆಗೆ ಹೋಗಿ.