ತಮ್ಮಾ, ಟೈಮ್‌ಕಾರ್ಡಿನಲ್ಲಿ ನಿಜವಾದ ಗಂಟೆಯನ್ನೇ ಬರೆ

ಅಕ್ಕಾ ಎಂದು ಕರೆದು ಪತ್ರ ಬರೆದಿರುವೆ, ಹಾಗಾಗಿ ನೀನು ಎಂದೇ ಮಾತಾಡಿಸುತ್ತೇನೆ. ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಹಾಯಕ ಸಂಕಲನಕಾರನಾಗಿ ದುಡಿದು, ಹೆಂಡತಿಯ ಕೆಲಸದ ನಿಮಿತ್ತ ಲಾಸ್ ಏಂಜಲೀಸಿಗೆ ಬಂದಿರುವೆ. ಕೆಲಸದ ಪರವಾನಗಿಯೂ ಕೈಗೆ ಬಂದಿದೆ. ಬರ್‌ಬ್ಯಾಂಕಿನ ರಿಯಾಲಿಟಿ ಷೋ ಕಂಪನಿಯೊಂದು ಕರೆದಿದೆ, ಆದರೆ ಅಲ್ಲಿ ಯೂನಿಯನ್ ಇಲ್ಲ. ಹೋಗಲೇ ಬೇಡವೇ, ಸಂಕಲನಕಾರರ ಯೂನಿಯನ್ನಾದ ಎಡಿಟರ್ಸ್ ಗಿಲ್ಡಿಗೆ ಅಷ್ಟು ದೊಡ್ಡ ಪ್ರವೇಶ ಶುಲ್ಕ ಕಟ್ಟಬೇಕೇ, ಅದೂ ನಮ್ಮೂರಿನ ಸಿನಿಮಾ ಕಾರ್ಮಿಕರ ಒಕ್ಕೂಟದ ಕಾರ್ಡಿನ ಥರವೇ, ಮನೆ ಎಲ್ಲಿ ಮಾಡಲಿ, ಕಾರು ಬೇಕೇ ಎಂದೆಲ್ಲ ಕೇಳಿರುವೆ.

ಕಾರು ಬೇಕು. ಮನೆ ಕೆಲಸಕ್ಕೆ ಹತ್ತಿರವಿರಲಿ, ಸಣ್ಣದಾದರೂ ಚಿಂತೆಯಿಲ್ಲ. ಅಕ್ಕಿ, ಬೇಳೆ, ಸಾರಿನ ಪುಡಿ ಎಲ್ಲ ಆರ್ಟೀಸಿಯಾದ ಅಂಗಡಿಗಳಲ್ಲಿ ಸಿಗುತ್ತವೆ. ಇವು ಹೇಗೋ ಆಗುತ್ತವೆ.

ಆ ಕೆಲಸಕ್ಕೆ ಹೋಗು. ಯೂನಿಯನ್ನಿಗೆ ಸೇರುವ ದಾರಿ ಎಷ್ಟೋ ಸಲ ಯೂನಿಯನ್ ಇಲ್ಲದ ಕೆಲಸದಿಂದಲೇ ಶುರುವಾಗುತ್ತದೆ. ಗಿಲ್ಡಿನ ಸದಸ್ಯತ್ವ ಬೇರೆ, ಅನುಭವದ ಪಟ್ಟಿ ಬೇರೆ ಎಂಬುದನ್ನು ಮೊದಲು ತಿಳಿದುಕೋ. ಆ ಪಟ್ಟಿಯನ್ನು ಇಲ್ಲಿ ರೋಸ್ಟರ್ ಎನ್ನುತ್ತಾರೆ. ಅದನ್ನು ಕಾಂಟ್ರಾಕ್ಟ್ ಸರ್ವಿಸಸ್ ಎಂಬ ಪ್ರತ್ಯೇಕ ಕಚೇರಿ ನೋಡಿಕೊಳ್ಳುತ್ತದೆ. ಇಷ್ಟು ದಿನ ಸಂಬಳಕ್ಕೆ ದುಡಿದಿದ್ದೇನೆ ಎಂಬ ದಾಖಲೆ ತೋರಿಸಿದರೆ ಹೆಸರು ಸೇರುತ್ತದೆ. ಯಾರ ಶಿಫಾರಸು ಬೇಕು, ಯಾರ ಮನೆಗೆ ಹೋಗಿ ಕಾಣಬೇಕು ಎಂದು ಕೇಳಿದ್ದೀಯಲ್ಲ, ಯಾರನ್ನೂ ಕಾಣಬೇಕಿಲ್ಲ. ಸಂಬಳದ ಪ್ರತಿಯೊಂದು ಚೀಟಿಯನ್ನೂ ಜೋಪಾನವಾಗಿಡು, ಅಷ್ಟೇ. ಪ್ರವೇಶ ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ ಎಂದು ಗಿಲ್ಡಿನಲ್ಲಿ ಕೇಳು. ಮೊತ್ತ ನೋಡಿ ಹಿಂಜರಿಯಬೇಡ.

ನಾನು ಒತ್ತಿ ಹೇಳಬೇಕಾದದ್ದು ಗಂಟೆಗಳ ವಿಷಯ. ನಾನು ಬಂದ ಹೊಸದರಲ್ಲಿ ಕೆಲಸ ಕೊಟ್ಟ ಕಂಪನಿಯಲ್ಲೂ ಯೂನಿಯನ್ ಇರಲಿಲ್ಲ. ಬೆಳಿಗ್ಗೆ ಹೋದವಳು ನಡುರಾತ್ರಿ ದಾಟಿದ ಮೇಲೆ ಮನೆಗೆ ಬರುತ್ತಿದ್ದೆ. ಶುಕ್ರವಾರ ಟೈಮ್‌ಕಾರ್ಡ್ ತುಂಬುವಾಗ ಮೇಲ್ವಿಚಾರಕ ನಗುನಗುತ್ತಲೇ ಹತ್ತು ಗಂಟೆ ಎಂದು ಬರೆಯಲು ಹೇಳುತ್ತಿದ್ದ. ನಾವು ಬೆಳೆದ ರೀತಿ ನಿನಗೆ ಗೊತ್ತೇ ಇದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಸಿನಿಮಾ ಬಿಡುಗಡೆ ಎಂದರೆ ಎಡಿಟಿಂಗ್ ಕೋಣೆಯಲ್ಲೇ ಮಲಗಿ ಎದ್ದವರು ನಾವು. ಪರವಾಗಿಲ್ಲ ಸಾರ್, ಮಾಡಿಕೊಡುತ್ತೇವೆ ಎನ್ನುವುದನ್ನೇ ವಿನಯ ಎಂದು ಕಲಿತವರು. ಆ ವಿನಯ ಎಲ್ಲಿ ಸಿಗುತ್ತದೆ ಎಂದು ಅಂಥ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಗಂಟೆ ಲೆಕ್ಕದ ಕೆಲಸಗಾರರಿಗೆ ದಿನಕ್ಕೆ 8 ಗಂಟೆ ಮೀರಿದರೆ ಒಂದೂವರೆ ಪಟ್ಟು, 12 ಗಂಟೆ ಮೀರಿದರೆ ಎರಡು ಪಟ್ಟು ಕೂಲಿ ಸಲ್ಲಬೇಕು. ಯೂನಿಯನ್ ಇರಲಿ, ಬಿಡಲಿ, ಆ ಕಾನೂನು ನಿನಗೂ ಅನ್ವಯಿಸುತ್ತದೆ.

ಇದು ಬರಿಯ ದುಡ್ಡಿನ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 1997ರಲ್ಲಿ ಇಲ್ಲಿಯ ಒಬ್ಬ ಸಹಾಯಕ ಕ್ಯಾಮೆರಾಮನ್ 19 ಗಂಟೆಗಳ ಚಿತ್ರೀಕರಣ ಮುಗಿಸಿ ಮನೆಗೆ ಹೊರಟವರು ಸ್ಟಿಯರಿಂಗ್ ಹಿಡಿದಂತೆಯೇ ನಿದ್ದೆಗೆ ಜಾರಿ ಅಪಘಾತದಲ್ಲಿ ತೀರಿಕೊಂಡರು. ಕೆಲಸದ ಅವಧಿಗೆ ಮಿತಿ ಬೇಕು ಎಂದು ಸಾವಿರಾರು ಜನ ಸಹಿ ಹಾಕಿದರು. ಆ ಜಗಳ ಇನ್ನೂ ಮುಗಿದಿಲ್ಲ. 2021ರಲ್ಲಿ ನಮ್ಮ ಗಿಲ್ಡೂ ಸೇರಿರುವ, ತೆರೆಮರೆಯ ಕೆಲಸಗಾರರ ಐಎಟಿಎಸ್‌ಇ ಒಕ್ಕೂಟ ಮುಷ್ಕರದ ಹೊಸ್ತಿಲಿಗೆ ಹೋಗಿ ನಿಂತಾಗಲೂ ಮುಖ್ಯ ಬೇಡಿಕೆ ವಿಶ್ರಾಂತಿಯೇ ಆಗಿತ್ತು. ರಾತ್ರಿ ಎರಡು ಗಂಟೆಗೆ ಕೆಲಸ ಮುಗಿದರೆ ಕಾರು ಹತ್ತುವ ಮೊದಲು ಯೋಚಿಸು. ಸುಸ್ತಾಗಿದ್ದರೆ ಹೆಂಡತಿಗೆ ಫೋನ್ ಮಾಡಿ ಅಲ್ಲೇ ಮಲಗು.

ಗಿಲ್ಡಿಗೆ ಸೇರಿದ ಮೇಲೆ ಗಂಟೆಗೆ ಇನ್ನೊಂದು ಬೆಲೆ ಬರುತ್ತದೆ. ಆರೋಗ್ಯ ವಿಮೆ ಮೊದಲ ಸಲ ಸಿಗಬೇಕಾದರೆ ಆರು ತಿಂಗಳಲ್ಲಿ 600 ಗಂಟೆ ದುಡಿದಿರಬೇಕು, ಆಮೇಲೆ ಪ್ರತಿ ಆರು ತಿಂಗಳಿಗೆ 400 ಗಂಟೆ. ಹೆಚ್ಚಾಗಿ ದುಡಿದದ್ದು 450 ಗಂಟೆಯವರೆಗೆ ಖಾತೆಯಲ್ಲಿ ಉಳಿಯುತ್ತದೆ, ಕೆಲಸವಿಲ್ಲದ ಕಾಲಕ್ಕೆ ಅದು ಒದಗುತ್ತದೆ. ಈ ದೇಶದಲ್ಲಿ ವಿಮೆಯಿಲ್ಲದೆ ಆಸ್ಪತ್ರೆಯ ಬಾಗಿಲು ತುಳಿಯುವುದೆಂದರೆ ಏನು ಎಂದು ನಿನ್ನ ಹೆಂಡತಿಯ ಕಂಪನಿ ವಿಮೆ ಇರುವವರೆಗೆ ನಿನಗೆ ಅರ್ಥವಾಗುವುದಿಲ್ಲ. ಅವರ ಕೆಲಸವೂ ವೀಸಾದ ಮೇಲೆ ನಿಂತಿದೆ ಎಂಬುದನ್ನು ಮರೆಯಬೇಡ. 2023ರಲ್ಲಿ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಹೂಡಿದರು. ಆ ಮುಷ್ಕರ ನಮ್ಮದಲ್ಲ, ಆದರೂ ನಮ್ಮ ಎಡಿಟಿಂಗ್ ಕೋಣೆಗಳೂ ಮುಚ್ಚಿದವು. ಆಗ ನನ್ನ ಮನೆಯನ್ನು ಕಾದದ್ದು ಖಾತೆಯಲ್ಲಿದ್ದ ಆ ಗಂಟೆಗಳು. ಯೂನಿಯನ್ ಇಲ್ಲದ ಬರ್‌ಬ್ಯಾಂಕಿನ ಆ ಕಂಪನಿಯಲ್ಲಿ ನೀನು ಕಳೆಯುವ ರಾತ್ರಿಗಳು ಪಿಂಚಣಿಯ ಲೆಕ್ಕಕ್ಕೂ ಇಲ್ಲ, ವಿಮೆಯ ಲೆಕ್ಕಕ್ಕೂ ಇಲ್ಲ.

ಕಾಯಿಲೆ ಬಿದ್ದರೆ, ಮುದುಕರಾದರೆ ಇಲ್ಲಿ ನಮ್ಮವರು ಯಾರು ಎಂದೂ ಕೇಳಿದ್ದೀಯ. ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಚಿತ್ರೋದ್ಯಮದ ಹಿರಿಯರ ಮನೆಯೊಂದಿದೆ. ಅದನ್ನು ನಡೆಸುವ ನಿಧಿಯನ್ನು 1921ರಲ್ಲಿ ಮೇರಿ ಪಿಕ್‌ಫರ್ಡ್, ಚಾರ್ಲಿ ಚಾಪ್ಲಿನ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಡಿ. ಡಬ್ಲ್ಯು. ಗ್ರಿಫಿತ್ ಸೇರಿ ಕಟ್ಟಿದರು. 1932ರಿಂದ ಕೆಲಸಗಾರರು ಸಂಬಳದಲ್ಲಿ ನೂರು ಡಾಲರಿಗೆ ಅರ್ಧ ಡಾಲರಿನಷ್ಟನ್ನು ಅದಕ್ಕೆ ಬಿಟ್ಟುಕೊಡುವ ಪದ್ಧತಿ ಬಂತು. 1940ರಲ್ಲಿ ನಟ ಜೀನ್ ಹೆರ್ಶಾಲ್ಟ್ ಮುಂದೆ ನಿಂತು 48 ಎಕರೆ ತೋಟ ಕೊಡಿಸಿದರು, 1942ರಲ್ಲಿ ಮನೆ ತೆರೆಯಿತು. ಪಿಕ್‌ಫರ್ಡ್ ಕೆನಡಾದವರು, ಚಾಪ್ಲಿನ್ ಇಂಗ್ಲೆಂಡಿನವರು, ಹೆರ್ಶಾಲ್ಟ್ ಡೆನ್ಮಾರ್ಕಿನವರು. ಹೊರಗಿನಿಂದ ಬಂದವರೂ ಸೇರಿ ಇಲ್ಲಿ ಇದನ್ನೆಲ್ಲ ಕಟ್ಟಿದರು ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ತೆರೆಯ ಮೇಲೆ ಮಿಂಚಿದವರ ಪಕ್ಕದ ಕೋಣೆಯಲ್ಲೇ ಲೈಟ್ ಹೊತ್ತವರೂ ಬಟ್ಟೆ ಹೊಲಿದವರೂ ಇರುತ್ತಾರೆ. 2009ರಲ್ಲಿ ಹಣವಿಲ್ಲವೆಂದು ಅಲ್ಲಿನ ದೀರ್ಘಕಾಲದ ಆರೈಕೆ ವಿಭಾಗವನ್ನು ಮುಚ್ಚುವುದಾಗಿ ಹೇಳಿದರು. ಅಲ್ಲಿದ್ದವರ ಮನೆಯವರು ವರ್ಷಗಟ್ಟಲೆ ಹೋರಾಡಿ ಅದನ್ನು ಉಳಿಸಿಕೊಂಡರು. ಹಾಗಾಗಿ ದಾನದ ನಿಧಿಯೊಂದನ್ನೇ ನಂಬಿ ಕೂರಬೇಡ.

ಆ ಮನೆಯನ್ನು ನೋಡಿದಾಗಲೆಲ್ಲ ನನಗೆ ಕೆಲಸ ಕಲಿಸಿದ ಮೇಷ್ಟ್ರು ನೆನಪಾಗುತ್ತಾರೆ. ಮದ್ರಾಸಿನಲ್ಲಿ ಮೂವಿಯೋಲಾ ಎಂಬ ಫಿಲ್ಮ್ ಸಂಕಲನ ಯಂತ್ರದ ಮುಂದೆ ನಿಂತು ಕಲಿತು, ಉದ್ಯಮದ ಜೊತೆಗೆ ಬೆಂಗಳೂರಿಗೆ ಬಂದವರು. ಒಂದು ಫ್ರೇಮ್ ಹೆಚ್ಚಾದರೂ ಅವರ ಬೆರಳಿಗೆ ಗೊತ್ತಾಗುತ್ತಿತ್ತು. ಎಷ್ಟು ವರ್ಷ, ಎಷ್ಟು ರಾತ್ರಿ ದುಡಿದರು ಎಂಬುದಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ. ಕಣ್ಣು ಮಂಜಾಗಿ ಕೆಲಸ ನಿಂತಾಗ ಒಂದು ಸಂಘದವರು ಅವರನ್ನು ವೇದಿಕೆಗೆ ಕರೆದು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಮೇಲೆ ಚೆಕ್ ಇಟ್ಟರು. ಚೆಕ್ ಕೊಡುವುದನ್ನು ಎರಡು ಸಲ ಮಾಡಿಸಿ ಫೋಟೋ ತೆಗೆದರು. ಕೊಟ್ಟವರ ಮನಸ್ಸು ಒಳ್ಳೆಯದೇ ಇದ್ದಿರಬಹುದು. ಆದರೆ ಆ ಫೋಟೋದಲ್ಲಿ ಮೇಷ್ಟ್ರ ಮುಖವನ್ನು ನಾನು ಇವತ್ತಿಗೂ ನೋಡಲಾರೆ. ಇಲ್ಲಿಯ ನಿಧಿಯಿಂದ ಸಹಾಯ ಪಡೆದವರನ್ನು ನಾನು ಬಲ್ಲೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಮಾಜ ಕಾರ್ಯಕರ್ತೆಯೊಬ್ಬರು ಕೂತು ಬಾಡಿಗೆ, ಔಷಧಿ, ಸಾಲ ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಶಾಲೂ ಇಲ್ಲ, ಭಾಷಣವೂ ಇಲ್ಲ. ನಮ್ಮ ಮೇಷ್ಟ್ರಿಗೆ ಈ ಮರ್ಯಾದೆ ಸಿಗಲಿಲ್ಲವಲ್ಲ ಎಂಬ ಸಂಕಟ ನನ್ನನ್ನು ಬಿಟ್ಟುಹೋಗಿಲ್ಲ.

ಊರಿನಲ್ಲಿ ಈಗ ಏನೋ ಚಲನೆ ಕಾಣುತ್ತಿದೆ. ಸಿನಿಮಾ ಟಿಕೆಟ್ಟಿನ ಮೇಲೆ ಶೇಕಡಾ 2ರವರೆಗೆ ಸೆಸ್ ಹಾಕಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಬಳಸುವ ಮಸೂದೆಗೆ ಕರ್ನಾಟಕದ ಶಾಸನಸಭೆ 2024ರಲ್ಲಿ ಒಪ್ಪಿಗೆ ಕೊಟ್ಟಿತು. ನಿನ್ನ ಜೊತೆಯಲ್ಲಿ ದುಡಿದ ಹುಡುಗರು ಇನ್ನೂ ಅಲ್ಲೇ ಇದ್ದಾರೆ. ಅವರು ತಮ್ಮ ಕೆಲಸದ ದಾಖಲೆಯನ್ನು ಈಗಿನಿಂದಲೇ ಇಟ್ಟುಕೊಳ್ಳಲಿ ಎಂದು ಹೇಳು. ಹಣ ಬಂದಾಗ ಯಾರು ದುಡಿದವರು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಒಂದು ವೇಳೆ ಯೂನಿಯನ್ ಬೇಕೆಂದು ಆ ಕಂಪನಿಯ ಕೆಲಸಗಾರರೇ ಒಟ್ಟಾಗಿ ಕೇಳಿದರೆ ನೀನೂ ಅವರ ಜೊತೆ ನಿಲ್ಲು. ಹೊಸಬ, ಹೊರಗಿನವನು ಎಂದು ಹಿಂದೆ ಸರಿಯಬೇಡ. ಸದ್ಯಕ್ಕೆ ಸೋಮವಾರ ಗಿಲ್ಡಿನ ಸದಸ್ಯತ್ವ ವಿಭಾಗಕ್ಕೆ ಫೋನ್ ಮಾಡಿ, ಬೆಂಗಳೂರಿನ ಕೆಲಸಕ್ಕೆ ಯಾವ ಕಾಗದ ತೋರಿಸಬೇಕು ಎಂದು ವಿಚಾರಿಸು. ಕಂಪನಿ ಕೊಟ್ಟಿರುವ ಪತ್ರದಲ್ಲಿ ದಿನದ ಸಂಬಳ ಎಂದಿದೆಯೋ, ಗಂಟೆಯ ಸಂಬಳ ಎಂದಿದೆಯೋ ನೋಡಿ ನನಗೆ ತಿಳಿಸು. ಅದು ಗೊತ್ತಾಗುವವರೆಗೆ ಸಹಿ ಹಾಕಬೇಡ.